ಇನ್ವರ್ಟ್ ಆಗುತ್ತಿಲ್ಲ, ಮಳೆಗೆ ಕೈ ಜಾರುತ್ತಿದೆ: ಪೋಲ್ ಡ್ಯಾನ್ಸ್‌ಗೆ ಫಿಸಿಕ್ಸ್ ಸಹಾಯ ಮಾಡುತ್ತಾ?

ಕಕ್ಕಬ್ಬೆ ಜೇನು · ಜುಲೈ 6

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಎಂಟು ತಿಂಗಳು ಪೋಲ್ ಡ್ಯಾನ್ಸ್ ಕಲಿತೆ. ಈಗ ಮನೆಯಿಂದಲೇ ಕೆಲಸ, ಹಾಗಾಗಿ ಕೊಡಗಿನ ನಮ್ಮ ಊರಿಗೆ ಬಂದಿದ್ದೇನೆ. ಇಲ್ಲಿ ಹತ್ತಿರದಲ್ಲಿ ಕಲಿಸುವವರು ಸಿಗಲಿಲ್ಲ. 45 ಮಿಲಿಮೀಟರ್ ದಪ್ಪದ ಕ್ರೋಮ್ ಪೋಲ್ ತರಿಸಿ ಹಾಲ್‌ನಲ್ಲಿ ನಿಲ್ಲಿಸಿಕೊಂಡಿದ್ದೇನೆ. ಬೇಕಾದಾಗ ಸ್ಟ್ಯಾಟಿಕ್ (ತಿರುಗದೆ ನಿಲ್ಲುವುದು), ಬೇಕಾದಾಗ ಸ್ಪಿನ್ (ನಮ್ಮ ಜೊತೆ ತಿರುಗುವುದು) ಮಾಡಿಕೊಳ್ಳುವ ಪೋಲ್ ಅದು.

ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಜೂನ್ ಶುರುವಾದ ಮೇಲೆ ಕೈ ನಿಲ್ಲುತ್ತಿಲ್ಲ. ಬೇಸಿಗೆಯಲ್ಲಿ ಆರಾಮಾಗಿ ಬರುತ್ತಿದ್ದ ಕ್ಲೈಂಬ್ ಈಗ ಎರಡನೇ ಹೆಜ್ಜೆಗೇ ಜಾರುತ್ತದೆ. ಇನ್ನು ಇನ್ವರ್ಟ್. ತಲೆ ಕೆಳಗೆ ಮಾಡಿ ಸೊಂಟ ಮೇಲೆತ್ತಬೇಕಲ್ಲ, ಸೊಂಟ ಎದೆ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಕಾಲು ಜೋರಾಗಿ ಬೀಸಿದರೆ ಆಗುತ್ತದೆ, ಬೀಸದಿದ್ದರೆ ಆಗಲ್ಲ. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಬಿಡಿಸಿ ಹಿಡಿಯುವ ಸ್ಪ್ಲಿಟ್ ಗ್ರಿಪ್‌ನಲ್ಲೂ ಹೀಗೇ, ಎರಡು ಸೆಕೆಂಡಿಗೆ ಮೇಲಿನ ಕೈ ಬಿಟ್ಟುಹೋಗುತ್ತದೆ. ಮೂರನೆಯದು ಸ್ಪಿನ್ ಪೋಲ್. ಒಮ್ಮೆ ನಿಧಾನ, ಒಮ್ಮೆ ತಲೆ ತಿರುಗುವಷ್ಟು ಜೋರು. ವೇಗ ನನ್ನ ಹಿಡಿತದಲ್ಲಿ ಇಲ್ಲ.

ಕಲಿಸುತ್ತಿದ್ದವರು ಪ್ರತಿ ಸಲ "ಇನ್ನೂ ಶಕ್ತಿ ಬರಬೇಕು" ಎನ್ನುತ್ತಿದ್ದರು. ಈಗ ಐದು ಪುಲ್‌ಅಪ್ ಮಾಡುತ್ತೇನೆ. ಶಕ್ತಿ ಬಂದರೂ ಆಗುತ್ತಿಲ್ಲ ಅಂದರೆ ಬೇರೆ ಏನೋ ಇದೆ ಅಲ್ವಾ? ಪಿಯುಸಿಯಲ್ಲಿ ಓದಿದ ಟಾರ್ಕ್, ಘರ್ಷಣೆ ಎಲ್ಲ ಇಲ್ಲಿ ಕೆಲಸಕ್ಕೆ ಬರಬೇಕು ಅನ್ನಿಸುತ್ತಿದೆ. ಗೊತ್ತಿರುವವರು ಹೇಳಿ.

ಪಿಯು ಫಿಸಿಕ್ಸ್ · ಜುಲೈ 6

ಮೇಡಂ, ನಾನು ಮಡಿಕೇರಿಯಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಪೋಲ್ ಮುಟ್ಟಿದವನಲ್ಲ, ಆದರೆ ನಿಮ್ಮ ಪ್ರಶ್ನೆ ಓದಿ ಪೆನ್ನು ಹಿಡಿದು ಕೂತೆ. ಉತ್ತರಕ್ಕೆ ಮೊದಲು ಅಳತೆ ಬೇಕು. ಫೋನನ್ನು ಪೋಲ್‌ನ ಪಕ್ಕಕ್ಕೆ, ನಿಮ್ಮ ಸೊಂಟದ ಎತ್ತರಕ್ಕೆ ಇಟ್ಟು ವಿಡಿಯೋ ಮಾಡಿ. ಎದುರಿನಿಂದ ಬೇಡ. ಎದುರಿನಿಂದ ದೂರ ಕಾಣಿಸಲ್ಲ. ಸ್ಪ್ಲಿಟ್ ಗ್ರಿಪ್‌ನಲ್ಲಿ ಎರಡು ಕೈ ನಡುವೆ ಎಷ್ಟು ಅಂತರ, ಹೊಕ್ಕುಳು ಪೋಲ್‌ನಿಂದ ಎಷ್ಟು ದೂರ, ನಿಮ್ಮ ತೂಕ ಎಷ್ಟು, ಈ ಮೂರು ಹೇಳಿ.

ಕಕ್ಕಬ್ಬೆ ಜೇನು · ಜುಲೈ 7

ಸರ್, ಪೋಲ್‌ಗೆ ಟೇಪ್ ಅಂಟಿಸಿ ಅಳೆದೆ. ಕೈಗಳ ನಡುವೆ ಸುಮಾರು 50 ಸೆಂ.ಮೀ. ಹೊಕ್ಕುಳು ಪೋಲ್‌ನಿಂದ 40 ಸೆಂ.ಮೀ. ಇಷ್ಟು ದೂರ ಇದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ತೂಕ 55 ಕಿಲೋ.

ಪಿಯು ಫಿಸಿಕ್ಸ್ · ಜುಲೈ 7

ಈ ಮೂರು ಸಂಖ್ಯೆಯಲ್ಲೇ ನಿಮ್ಮ ಅರ್ಧ ಉತ್ತರ ಇದೆ.

ದೇಹದ ತೂಕವೆಲ್ಲ ಒಂದೇ ಬಿಂದುವಿನಲ್ಲಿ ಕೆಳಗೆ ಎಳೆಯುತ್ತಿದೆ ಎಂದುಕೊಳ್ಳಿ. ನೇರ ನಿಂತಾಗ ಆ ಗುರುತ್ವ ಕೇಂದ್ರ ಹೊಕ್ಕುಳಿನ ಸ್ವಲ್ಪ ಕೆಳಗೆ ಇರುತ್ತದೆ. ಅದು ಪೋಲ್‌ನಿಂದ 40 ಸೆಂ.ಮೀ. ಆಚೆ ಇದ್ದರೆ ನಿಮ್ಮ ತೂಕ ನಿಮ್ಮನ್ನು ಕೆಳಗೆ ಎಳೆಯುವುದು ಮಾತ್ರ ಅಲ್ಲ, ಪೋಲ್‌ನಿಂದ ಆಚೆಗೆ ತಿರುಗಿಸುತ್ತದೆ ಕೂಡ. ಆ ತಿರುಚುವ ಬಲವೇ ಟಾರ್ಕ್. ಅದನ್ನು ತಡೆಯಲು ಮೇಲಿನ ಕೈ ಪೋಲನ್ನು ತನ್ನ ಕಡೆ ಎಳೆಯಬೇಕು, ಕೆಳಗಿನ ಕೈ ಆಚೆ ತಳ್ಳಬೇಕು. ಎಷ್ಟು ಬಲ? ತೂಕವನ್ನು ಆ ದೂರದಿಂದ ಗುಣಿಸಿ, ಕೈಗಳ ಅಂತರದಿಂದ ಭಾಗಿಸಿ.

55 ಗುಣಿಸು 40, ಭಾಗಿಸು 50. ಬರುವುದು 44. ಅಂದರೆ ನಿಮ್ಮನ್ನು ಮೇಲೆ ಹಿಡಿದುಕೊಳ್ಳುವ ಕೆಲಸ ಬಿಟ್ಟು, ಅಡ್ಡಕ್ಕೇ ಒಂದೊಂದು ಕೈಗೆ 44 ಕಿಲೋ ತೂಕದಷ್ಟು ಬಲ ಬೇಕು. ಕೈಗಳ ಅಂತರ 80 ಸೆಂ.ಮೀ. ಮಾಡಿ. ಅದು ಇಪ್ಪತ್ತೇಳೂವರೆಗೆ ಇಳಿಯುತ್ತದೆ. ಜೊತೆಗೆ ಸೊಂಟವನ್ನು 25 ಸೆಂ.ಮೀ.ಗೆ ತಂದರೆ 17 ಕಿಲೋ ಸಾಕು. ತೂಕ ಅದೇ, ತೋಳು ಅದೇ. ಬದಲಾಗಿದ್ದು ಎರಡು ದೂರ ಮಾತ್ರ.

ನಿಮಗೆ ಶಕ್ತಿ ಸಾಲದು ಎಂದವರನ್ನು ನಾನು ತಪ್ಪು ಎನ್ನಲ್ಲ. ಶಕ್ತಿ ಬೇಕೇ ಬೇಕು. ಆದರೆ ನೀವು ಈಗ 17 ಕಿಲೋ ಬೇಕಾದ ಕಡೆ 44 ಕಿಲೋ ಖರ್ಚು ಮಾಡುತ್ತಿದ್ದೀರಿ.

ರೈಟ್ ಹಾಫ್ · ಜುಲೈ 7

ಸರ್ ಹೇಳಿದ್ದು ಹಾಕಿ ಆಡಿದ ನಮಗೆ ತಕ್ಷಣ ಅರ್ಥ ಆಗುತ್ತದೆ. ಹಿಟ್ ಹೊಡೆಯುವಾಗ ಎರಡೂ ಕೈ ಸ್ಟಿಕ್‌ನ ತುದಿಯಲ್ಲಿ ಜೊತೆಗಿರುತ್ತವೆ. ಪುಶ್ ಮಾಡುವಾಗ ಬಲಗೈ ಕೆಳಗೆ ಬರುತ್ತದೆ, ಎರಡು ಕೈ ದೂರ ದೂರ. ಒಂದು ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ. ಸ್ಟಿಕ್ ಹೇಳಿದ ಹಾಗೆ ಕೇಳುತ್ತದೆ. ಹಾಕಿ ಹಬ್ಬಕ್ಕೆ ಮನೆತನದ ಟೀಮಿನಲ್ಲಿ ಚಿಕ್ಕ ಮಕ್ಕಳನ್ನು ಇಳಿಸುವಾಗ ಮೊದಲು ಹೇಳುವುದೇ "ಕೈ ಬಿಡಿಸಿ ಹಿಡಿ" ಅಂತ. ಅಕ್ಕ, ನಿಮ್ಮ ಪೋಲ್‌ನಲ್ಲೂ ಅದೇ ನಡೆಯುತ್ತಿದೆ.

ತೋಟದ ದಾರಿ · ಜುಲೈ 8

ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಮರಕ್ಕೆ ಕಾಳುಮೆಣಸಿನ ಬಳ್ಳಿ. ಒಂಟಿ ಬಿದಿರಿನ ಏಣಿಯಲ್ಲಿ ನಿಂತು ಕೊಯ್ಯುವವರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಹಳಬರ ಹೊಟ್ಟೆ ಬಿದಿರಿಗೆ ತಾಗಿಕೊಂಡೇ ಇರುತ್ತದೆ. ಕೈ ಚಾಚುತ್ತಾರೆ, ಸೊಂಟ ಚಾಚಲ್ಲ. ಹೊಸಬರು ಹೆದರಿಕೆಗೆ ಸೊಂಟ ಹಿಂದೆ ಇಡುತ್ತಾರೆ. ಅರ್ಧ ಗಂಟೆಗೆ ತೋಳು ನಡುಗುತ್ತದೆ. ಅದು ಯಾಕೆ ಅಂತ ಇವತ್ತು ಗೊತ್ತಾಯಿತು.

ಕಕ್ಕಬ್ಬೆ ಜೇನು · ಜುಲೈ 8

ಹೌದು! ನಾನೂ ಹೆದರಿಕೆಗೇ ಸೊಂಟ ಹಿಂದೆ ಇಡುತ್ತೇನೆ. ವಿಡಿಯೋದಲ್ಲಿ ಸ್ಪಷ್ಟ ಕಾಣುತ್ತದೆ. ಸ್ಪ್ಲಿಟ್ ಗ್ರಿಪ್ ಇವತ್ತೇ ಆರು ಸೆಕೆಂಡ್ ನಿಂತಿತು. ಆದರೆ ಇನ್ವರ್ಟ್‌ನಲ್ಲಿ ಎರಡೂ ಕೈ ಒಂದರ ಮೇಲೊಂದು ಇರುತ್ತವೆ ಸರ್. ಅಲ್ಲಿ ಅಂತರ ಹೆಚ್ಚಿಸಲು ಆಗಲ್ಲ. ಅಲ್ಲೇನು ಮಾಡುವುದು?

ಪಿಯು ಫಿಸಿಕ್ಸ್ · ಜುಲೈ 9

ಅಲ್ಲಿ ಕಾಲಿನ ದೂರವನ್ನು ಕಡಿಮೆ ಮಾಡಬೇಕು.

ಬಾವಿಯಿಂದ ನೀರೆತ್ತುವ ಏತ ನೆನಪಿಸಿಕೊಳ್ಳಿ. ಒಂದು ತುದಿ ಕೆಳಗೆ ಹೋದರೆ ಇನ್ನೊಂದು ತುದಿ ಮೇಲೆ. ಇನ್ವರ್ಟ್‌ನಲ್ಲಿ ನಿಮ್ಮ ದೇಹ ಭುಜದ ಸುತ್ತ ತಿರುಗುವ ಏತ. ಸೊಂಟ, ಕಾಲು ಒಂದು ಕಡೆ. ತಲೆ, ಎದೆಯ ಮೇಲ್ಭಾಗ ಇನ್ನೊಂದು ಕಡೆ. ಎರಡು ಕಾಲು ಸೇರಿದರೆ ದೇಹದ ತೂಕದ ಮೂರನೇ ಒಂದು ಭಾಗದಷ್ಟು. ನಿಮ್ಮ ಲೆಕ್ಕಕ್ಕೆ 17–18 ಕಿಲೋ. ಕಾಲು ನೇರ ಚಾಚಿದಾಗ ಆ ತೂಕ ಸೊಂಟದಿಂದ ಸುಮಾರು 35 ಸೆಂ.ಮೀ. ದೂರದಲ್ಲಿ ಕೂರುತ್ತದೆ. ಮಂಡಿ ಪೂರ್ತಿ ಮಡಚಿದರೆ ಸುಮಾರು 20ಕ್ಕೆ ಬರುತ್ತದೆ. ಮಡಚಿದ ತೊಡೆಯನ್ನು ಎದೆಗೆ ತಂದರೆ ಭುಜಕ್ಕೆ ಇನ್ನೂ ಹತ್ತಿರ.

ಹಾಗಾದರೆ ಕ್ರಮ ಹೀಗೆ. ಮೊದಲು ಮಂಡಿ ಎದೆಗೆ. ಆಮೇಲೆ ತಲೆ, ಎದೆ ಹಿಂದಕ್ಕೆ ಬಾಗಲಿ. ಅದು ಏತದ ಇನ್ನೊಂದು ತುದಿ, ಅದು ಇಳಿದಷ್ಟೂ ಸೊಂಟ ಏಳುತ್ತದೆ. ಸೊಂಟ ತಲೆಗಿಂತ ಮೇಲೆ ಬಂದ ಮೇಲೆ ಕಾಲು ಬಿಡಿಸಿ. ನಿಮ್ಮ ವಿಡಿಯೋದಲ್ಲಿ ತಲೆ ಕೊನೆಯವರೆಗೂ ನೆಟ್ಟಗೆ ಇದೆ. ಏತದ ಎರಡು ತುದಿಯನ್ನೂ ಒಟ್ಟಿಗೆ ಎತ್ತಲು ನೋಡುತ್ತಿದ್ದೀರಿ.

ಕುಶಾಲನಗರ ಫಿಸಿಯೋ · ಜುಲೈ 9

ಇಲ್ಲಿ ನಾನು ಒಂದು ಮಾತು ಸೇರಿಸಬೇಕು, ದಯವಿಟ್ಟು ಓದಿ. ಕಾಲು ಬೀಸಿ ಇನ್ವರ್ಟ್ ಮಾಡುವುದನ್ನು ಇವತ್ತಿಗೇ ನಿಲ್ಲಿಸಿ. ಬೀಸಿದಾಗ ಕಾಲಿಗೆ ವೇಗ ಬರುತ್ತದೆ, ಆ ವೇಗವನ್ನು ಮೇಲೆ ಹೋಗಿ ತಡೆಯಬೇಕಾದ್ದು ಭುಜ. ಕಡಿಮೆ ಸಮಯದಲ್ಲಿ ತಡೆದಷ್ಟೂ ಬಲ ಜಾಸ್ತಿ. ಕೀಲಿಗೆ ಆ ಎಳೆತ ಒಳ್ಳೆಯದಲ್ಲ.

ನೇತಾಡುವ ಮೊದಲೇ ಭುಜವನ್ನು ಕಿವಿಯಿಂದ ಕೆಳಗೆ ಎಳೆದುಕೊಳ್ಳಿ. ಆಗ ಭಾರ ಬೆನ್ನಿನ ದೊಡ್ಡ ಸ್ನಾಯುಗಳಿಗೆ ಹೋಗುತ್ತದೆ. ಭುಜ ಕಿವಿಗೆ ಹತ್ತಿದರೆ ಸುತ್ತಲಿನ ಸಣ್ಣ ಸ್ನಾಯು, ತಂತುಗಳ ಮೇಲೆ ಬೀಳುತ್ತದೆ. ಸ್ಪ್ಲಿಟ್ ಗ್ರಿಪ್‌ನಲ್ಲಿ ಮೇಲಿನ ಕೈಯನ್ನು ತಿರುಚಿ ಹಿಡಿಯುವ ಟ್ವಿಸ್ಟೆಡ್ ಗ್ರಿಪ್ ಈಗಲೇ ಬೇಡ. ಕೆಳಗಿನ ಕೈಯ ಮಣಿಕಟ್ಟು ನೋಯುತ್ತಿದ್ದರೆ ಅಂದಿನ ಅಭ್ಯಾಸ ಅಲ್ಲಿಗೇ ಸಾಕು. ಎಡ, ಬಲ ಎರಡೂ ಕಡೆ ಮಾಡಿ.

ಬೆಟ್ಟದ ಬದಿ · ಜುಲೈ 10

ತಪ್ಪು ತಿಳಿಯಬೇಡಿ. ಪೋಲ್ ಡ್ಯಾನ್ಸ್ ಅಂದರೆ ಬಾರ್‌ನಲ್ಲಿ ಮಾಡುವುದು ಅಲ್ವಾ? ನಮ್ಮ ಕಡೆ ಇದೆಲ್ಲ ಬೇಕಾ ಅನ್ನಿಸಿತು.

ಗದಗಿನ ಗರಡಿ · ಜುಲೈ 10

ಅಣ್ಣಾ, ನಾನು ಗದಗ ಜಿಲ್ಲೆಯವನು, ಕೆಲಸಕ್ಕೆ ಸೋಮವಾರಪೇಟೆಯಲ್ಲಿದ್ದೇನೆ. ಚಿಕ್ಕಂದಿನಿಂದ ಮಲ್ಲಗಂಬ ಮಾಡಿದ್ದೇನೆ. ನೆಟ್ಟ ಮರದ ಕಂಬದ ಮೇಲೆ ತಲೆಕೆಳಗಾಗಿ ನಿಲ್ಲುವುದು ನಮ್ಮ ನೆಲಕ್ಕೆ ಹೊಸದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲೇ ಮಲ್ಲರು ಕಂಬದ ಮೇಲೆ ಮಾಡುವ ಕಸರತ್ತಿನ ಮಾತಿದೆ. ಪೋಲ್ ಡ್ಯಾನ್ಸ್ ಬಂದ ದಾರಿ ಬೇರೆ, ಹೌದು. ಅದು ಬಾರ್, ಕ್ಲಬ್‌ಗಳ ಮೂಲಕವೂ ಬಂದಿದೆ. ಆ ಹೆಣ್ಣುಮಕ್ಕಳು ಕಷ್ಟಪಟ್ಟು ಕಟ್ಟಿದ ಕಲೆ ಅದು. ಇವತ್ತು ಪೋಲ್ ಸ್ಪೋರ್ಟ್ಸ್‌ಗೆ ಅಂತರರಾಷ್ಟ್ರೀಯ ಸ್ಪರ್ಧೆಗಳಿವೆ. ವೇದಿಕೆಯ ಮೇಲೆ ಒಂದು ಸ್ಟ್ಯಾಟಿಕ್, ಒಂದು ಸ್ಪಿನ್ ಪೋಲ್ ಇರುತ್ತದೆ. ಎರಡೂ ಈ ಅಕ್ಕ ಹೇಳಿದ 45 ಮಿ.ಮೀ. ದಪ್ಪದವೇ.

ಒಂದು ವ್ಯತ್ಯಾಸ ಹೇಳುತ್ತೇನೆ, ಸರ್‌ಗೆ ಇಷ್ಟ ಆಗಬಹುದು. ನಾವು ಕಂಬಕ್ಕೆ ಹರಳೆಣ್ಣೆ ಹಚ್ಚುತ್ತೇವೆ. ಚರ್ಮ ಕಿತ್ತು ಬರಬಾರದು ಅಂತ. ಜಾರುವ ಕಂಬವನ್ನು ತೊಡೆ, ಪಾದ, ತೋಳಿನಿಂದ ಅವುಚಿ ಹಿಡಿಯುತ್ತೇವೆ. ಪೋಲ್‌ನವರು ಎಣ್ಣೆ ಕಂಡರೆ ಓಡುತ್ತಾರೆ!

ಬೆಟ್ಟದ ಬದಿ · ಜುಲೈ 10

ಇದು ಗೊತ್ತಿರಲಿಲ್ಲ. ಕೇಳಿದ್ದಕ್ಕೆ ಕ್ಷಮಿಸಿ ತಂಗಿ. ಮುಂದುವರಿಸಿ.

ಕಕ್ಕಬ್ಬೆ ಜೇನು · ಜುಲೈ 10

ಪರವಾಗಿಲ್ಲ ಅಣ್ಣ, ಕೇಳಿದ್ದು ಒಳ್ಳೆಯದೇ ಆಯಿತು. ಸರ್, ಮಳೆಯ ವಿಷಯ ಬಾಕಿ ಇದೆ. ಇವತ್ತು ಇಡೀ ದಿನ ಮಂಜು, ಬೆಳಿಗ್ಗೆ ಪೋಲ್ ಮುಟ್ಟಿದರೆ ಒದ್ದೆ.

ಪಿಯು ಫಿಸಿಕ್ಸ್ · ಜುಲೈ 11

ಅದು ಬೆವರಲ್ಲ, ಇಬ್ಬನಿ. ರಾತ್ರಿ ಲೋಹ ತಣ್ಣಗಾಗಿರುತ್ತದೆ. ಬಾಗಿಲು ತೆರೆದ ಕೂಡಲೇ ಹೊರಗಿನ ಹಸಿ ಗಾಳಿ ಬಂದು ಅದರ ಮೇಲೆ ನೀರಾಗಿ ಕೂರುತ್ತದೆ. ತಂಪು ಲೋಟದ ಹೊರಗೆ ಹನಿ ಮೂಡುವ ಹಾಗೆ.

ಜಾರದೆ ಇರಲು ಬೇಕಾದ್ದು ಘರ್ಷಣೆ. ಅದು ಎರಡು ವಿಷಯದ ಗುಣಲಬ್ಧ. ಚರ್ಮ ಮತ್ತು ಲೋಹದ ನಡುವಿನ ಘರ್ಷಣಾ ಗುಣಾಂಕ (ಎರಡೂ ಎಷ್ಟು ಜಾರದೆ ಹಿಡಿಯುತ್ತವೆ ಎನ್ನುವ ಸಂಖ್ಯೆ) ಒಂದು, ನೀವು ಎಷ್ಟು ಬಲವಾಗಿ ಒತ್ತುತ್ತೀರಿ ಎನ್ನುವುದು ಇನ್ನೊಂದು. ಸುಮ್ನೆ ಉದಾಹರಣೆಗೆ ಗುಣಾಂಕ 0.5 ಎಂದುಕೊಳ್ಳಿ. 55 ಕಿಲೋ ನಿಲ್ಲಲು ಒಟ್ಟು 110 ಕಿಲೋ ಒತ್ತಡ ಬೇಕು. ಎರಡು ತೊಡೆಯ ನಡುವೆ ಹಿಡಿದರೆ ಒಂದೊಂದು ಕಡೆಗೆ 55. ಒದ್ದೆಯಾಗಿ ಗುಣಾಂಕ ಅರ್ಧಕ್ಕೆ ಇಳಿದರೆ ಒತ್ತಡ ಎರಡು ಪಟ್ಟು ಬೇಕು. ಅಷ್ಟು ಒತ್ತಲು ಯಾರಿಂದಲೂ ಆಗಲ್ಲ. ಹಾಗಾಗಿ ಮಳೆಗಾಲದಲ್ಲಿ ಕಾಲಿಗೆ ಬಲ ತುಂಬುವುದಕ್ಕಿಂತ ಗುಣಾಂಕವನ್ನು ಕಾಪಾಡಿಕೊಳ್ಳುವುದು ಜಾಣತನ.

ಇಲ್ಲೊಂದು ಸೂಕ್ಷ್ಮ ಇದೆ. ನಮ್ಮ ಪಠ್ಯದಲ್ಲಿ ಘರ್ಷಣೆಗೆ ತಾಗುವ ಜಾಗದ ವಿಸ್ತೀರ್ಣ ಮುಖ್ಯ ಅಲ್ಲ ಎಂದು ಕಲಿಸುತ್ತೇವೆ. ಮರದ ತುಂಡಿಗೆ ಅದು ಸರಿ. ಚರ್ಮ ಮೆತ್ತಗಿರುತ್ತದೆ, ರಬ್ಬರಿನ ಹಾಗೆ. ಅದು ಆ ನಿಯಮವನ್ನು ಪೂರ್ತಿ ಪಾಲಿಸಲ್ಲ. ಹೆಚ್ಚು ಚರ್ಮ ತಾಗಿದರೆ ಹಿಡಿತ ಹೆಚ್ಚಾಗುತ್ತದೆ. ನೀವೆಲ್ಲ ಚಿಕ್ಕ ಚಡ್ಡಿ ಹಾಕಿಕೊಂಡು ಅಭ್ಯಾಸ ಮಾಡುವುದಕ್ಕೆ ಕಾರಣ ಇದೇ. ಪೂರ್ತಿ ಒಣಗಿ ಬಿರಿದ ಚರ್ಮವೂ ಚೆನ್ನಾಗಿ ಹಿಡಿಯಲ್ಲ, ನೀರು ನಿಂತ ಚರ್ಮವೂ ಹಿಡಿಯಲ್ಲ. ಸ್ವಲ್ಪ ಪಸೆ ಇರುವ ಮೆತ್ತನೆ ಚರ್ಮ ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುತ್ತದೆ.

ಇನ್ನೊಂದು. ದನದ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಸುತ್ತಿದರೆ ಚಿಕ್ಕ ಹುಡುಗನೂ ತುದಿ ಹಿಡಿದು ನಿಲ್ಲಿಸಬಹುದು, ನೋಡಿದ್ದೀರಲ್ಲ? ಸುತ್ತು ಹೆಚ್ಚಿದಷ್ಟೂ ಘರ್ಷಣೆ ಪಟ್ಟು ಪಟ್ಟಾಗಿ ಬೆಳೆಯುತ್ತದೆ. ಕಾಲು ಹಗ್ಗದಷ್ಟು ಬಾಗಲ್ಲ, ನಿಜ. ಆದರೂ ಮಂಡಿಯ ಹಿಂಬದಿಯಲ್ಲಿ ಪೋಲ್ ಸಿಕ್ಕಿಸಿ ಕಾಲು ಮಡಚಿದಾಗ, ಪೋಲ್‌ನ ಒಂದು ಬದಿಗೆ ಒತ್ತುವುದಕ್ಕಿಂತ ಎಷ್ಟೋ ಜಾಸ್ತಿ ಹಿಡಿತ ಸಿಗುತ್ತದೆ.

ಗದಗಿನ ಗರಡಿ · ಜುಲೈ 11

ಸರ್, ಎಣ್ಣೆ ಹಚ್ಚಿದ ಕಂಬದಲ್ಲಿ ನಾವು ಹೇಗೆ ನಿಲ್ಲುತ್ತೇವೆ ಎನ್ನುವುದಕ್ಕೂ ಇದೇ ಉತ್ತರ. ಎಲ್ಲೂ ಬರೀ ಕೈಯಲ್ಲಿ ಹಿಡಿಯಲ್ಲ. ಸುತ್ತಿಕೊಳ್ಳುತ್ತೇವೆ.

ಹಳೇ ಸ್ಟುಡಿಯೋ · ಜುಲೈ 12

ಆರು ವರ್ಷದಿಂದ ಪೋಲ್ ಮಾಡುತ್ತಿದ್ದೇನೆ, ಮಂಗಳೂರಿನ ಸೆಖೆಯಲ್ಲಿ ಶುರು ಮಾಡಿದವಳು. ಅನುಭವದ ಮಾತು ಹೇಳುತ್ತೇನೆ.

ಪೋಲನ್ನು ಮೊದಲು ಒಣ ಬಟ್ಟೆಯಿಂದ ಜೋರಾಗಿ ಉಜ್ಜಿ, ಅದು ಬೆಚ್ಚಗಾಗುವವರೆಗೆ. ಆಮೇಲೆ ಸ್ಪಿರಿಟ್‌ನಿಂದ ಒರೆಸಿ. ಸ್ಪಿರಿಟ್‌ಗೆ ಬೇಗ ಬೆಂಕಿ ಹತ್ತುತ್ತದೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಕೆಂಡ ಇಟ್ಟಿರುತ್ತೀರಿ, ಹತ್ತಿರ ತರಬೇಡಿ. ಅಭ್ಯಾಸದ ದಿನ ಮೈಗೆ ಕೊಬ್ಬರಿ ಎಣ್ಣೆ, ಕ್ರೀಮ್ ಏನೂ ಬೇಡ. ಕೈ ಬೆವರುತ್ತಿದ್ದರೆ ಚಾಕ್ ಹಾಕಿ. ಜಿಮ್ನಾಸ್ಟ್‌ಗಳು ಬಳಸುವ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ. ಚರ್ಮ ಒಣಗಿದ್ದರೆ ಚಾಕ್ ಹಾಕಿದಷ್ಟೂ ಜಾರುತ್ತದೆ, ಅದು ನೆನಪಿರಲಿ. ಹಿತ್ತಾಳೆ ಪೋಲ್ ಕ್ರೋಮ್‌ಗಿಂತ ಚೆನ್ನಾಗಿ ಹಿಡಿಯುತ್ತದೆ. ಬೆವರು, ಸೆಖೆ ಇರುವ ಊರಿನಲ್ಲಿ ಎಷ್ಟೋ ಜನ ಅದನ್ನೇ ಇಷ್ಟಪಡುತ್ತಾರೆ. ಆದರೆ ಇರುವ ಪೋಲ್ ಬದಲಿಸುವ ಮೊದಲು ಒರೆಸಿ ನೋಡಿ.

ಸ್ಪಿನ್ ಬಗ್ಗೆ ಸರ್ ಹೇಳಲಿ. ಇಷ್ಟು ವರ್ಷ ಮಾಡಿದರೂ ಯಾಕೆ ಅಂತ ನನಗೆ ವಿವರಿಸಲು ಬರಲ್ಲ.

ಪಿಯು ಫಿಸಿಕ್ಸ್ · ಜುಲೈ 13

ನನಗೆ ತುಂಬಾ ಇಷ್ಟದ ಭಾಗ ಇದು.

ಸ್ಪಿನ್ ಪೋಲ್‌ನೊಳಗೆ ಬೇರಿಂಗ್ ಇರುತ್ತದೆ, ಅಲ್ಲಿ ಘರ್ಷಣೆ ಬಹಳ ಕಡಿಮೆ. ಒಮ್ಮೆ ತಿರುಗಲು ಶುರುವಾದರೆ ನಿಮ್ಮ ಕೋನೀಯ ಸಂವೇಗ, ಅಂದರೆ ತಿರುಗುವ ಓಟ, ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. ಮೈಯ ಭಾರ ಪೋಲ್‌ನಿಂದ ದೂರ ಹರಡಿದ್ದರೆ ನಿಧಾನ ತಿರುಗುತ್ತೀರಿ. ಅದೇ ಭಾರ ಒಳಗೆ ಬಂದರೆ ಜೋರು. ಇಲ್ಲಿ ದೂರದ ವರ್ಗ ಲೆಕ್ಕಕ್ಕೆ ಬರುತ್ತದೆ. ಪಾದವನ್ನು 80 ಸೆಂ.ಮೀ.ನಿಂದ 40ಕ್ಕೆ ತಂದರೆ ವೇಗ ತಗ್ಗಿಸುವುದರಲ್ಲಿ ಅದರ ಪಾಲು ಅರ್ಧ ಆಗಲ್ಲ, ನಾಲ್ಕನೇ ಒಂದು ಭಾಗ ಆಗುತ್ತದೆ. ಪಾದ ಒಂದೇ ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ.

"ಒಮ್ಮೆ ನಿಧಾನ, ಒಮ್ಮೆ ಜೋರು" ಎಂದಿರಲ್ಲ, ಪೋಲ್ ನಿಮ್ಮ ಮಾತು ಕೇಳುತ್ತಿಲ್ಲ ಅಂತಲ್ಲ. ಹೆದರಿದಾಗ ನೀವು ಮೈ ಮುದುಡುತ್ತೀರಿ. ಮುದುಡಿದರೆ ವೇಗ ಏರುತ್ತದೆ. ವೇಗ ಏರಿದರೆ ಇನ್ನೂ ಮುದುಡುತ್ತೀರಿ. ಜೋರಾಯಿತು ಅನ್ನಿಸಿದ ಕೂಡಲೇ ಒಂದು ಕಾಲು ಆಚೆ ಚಾಚಿ. ಮನಸ್ಸು ಬೇಡ ಎನ್ನುತ್ತದೆ, ಆದರೂ ಚಾಚಿ. ಅದೇ ಬ್ರೇಕ್.

ಮುದುಡುವುದು ಕಷ್ಟ ಅನ್ನಿಸುವುದಕ್ಕೂ ಕಾರಣ ಇದೆ. ಗುರುತ್ವ ಕೇಂದ್ರ ಪೋಲ್‌ನಿಂದ 40 ಸೆಂ.ಮೀ. ದೂರದಲ್ಲಿದ್ದು ಎರಡು ಸೆಕೆಂಡಿಗೆ ಒಂದು ಸುತ್ತು ತಿರುಗಿದರೆ, ನಿಮ್ಮನ್ನು ವೃತ್ತದಲ್ಲಿ ಉಳಿಸಲು ಸುಮಾರು 22 ಕಿಲೋ ತೂಕದ ಎಳೆತ ಬೇಕು. ಅದೇ ದೂರದಲ್ಲಿ ಸೆಕೆಂಡಿಗೆ ಒಂದು ಸುತ್ತಾದರೆ 88 ಕಿಲೋ. ವೇಗ ಎರಡು ಪಟ್ಟು, ಎಳೆತ ನಾಲ್ಕು ಪಟ್ಟು. ಅದಕ್ಕೇ ಜೋರಾಗಿ ತಿರುಗುವಾಗ ದೂರ ನೇತಾಡಬಾರದು.

ಸ್ಟ್ಯಾಟಿಕ್ ಪೋಲ್‌ನಲ್ಲಿ ಕಥೆ ಬೇರೆ. ಅಲ್ಲಿ ಕೈ ಉಜ್ಜಿಕೊಂಡೇ ತಿರುಗಬೇಕು, ಸಂವೇಗ ಕರಗುತ್ತಾ ಹೋಗುತ್ತದೆ. ಹಾಗಾಗಿ ಶುರುವಿನಲ್ಲೇ ಸಾಕಷ್ಟು ತುಂಬಿಕೊಳ್ಳಬೇಕು. ಹೊರಗಿನ ಕಾಲನ್ನು ದೊಡ್ಡ ವೃತ್ತದಲ್ಲಿ ಬೀಸಿ ಹೆಜ್ಜೆ ಇಡಿ, ಆಮೇಲೆ ಒಳಗೆ ಬನ್ನಿ.

ಹಳೇ ಸ್ಟುಡಿಯೋ · ಜುಲೈ 13

ಫೈರ್‌ಮನ್ ಸ್ಪಿನ್ ಎಂಬ ಸುತ್ತುವ ವರಸೆಯಲ್ಲಿ ಕಾಲನ್ನು ದೊಡ್ಡದಾಗಿ ಬೀಸು ಎಂದು ಹೇಳಿಕೊಟ್ಟಿದ್ದರು. ಚೆಂದಕ್ಕೆ ಅಂದುಕೊಂಡಿದ್ದೆ. ಥ್ಯಾಂಕ್ಸ್ ಸರ್.

ತೋಟದ ದಾರಿ · ಜುಲೈ 15

ನನ್ನ ಮಗಳಿಗೂ ಆಸೆ ಹುಟ್ಟಿದೆ. ನಮ್ಮದು ಹೆಂಚಿನ ಮನೆ, ಮರದ ಅಟ್ಟ. ನೆಲಕ್ಕೂ ಅಟ್ಟಕ್ಕೂ ಒತ್ತಿ ನಿಲ್ಲಿಸುವ ಪೋಲ್ ಹಾಕಬಹುದಾ?

ಪಿಯು ಫಿಸಿಕ್ಸ್ · ಜುಲೈ 15

ಹಲಗೆಗೆ ಬೇಡ, ಸ್ಪಷ್ಟವಾಗಿ ಹೇಳುತ್ತೇನೆ. ಮೇಲಿನ ಲೆಕ್ಕವನ್ನೇ ನೋಡಿ. 55 ಕಿಲೋ, 40 ಸೆಂ.ಮೀ. ದೂರ, ಪೋಲ್ ಎತ್ತರ 2.6 ಮೀಟರ್. ಸುಮ್ನೆ ನೇತಾಡಿದರೇ ಪೋಲ್‌ನ ಮೇಲಿನ ತುದಿಯನ್ನು ಎಂಟೂವರೆ ಕಿಲೋದಷ್ಟು ಬಲ ಅಡ್ಡಕ್ಕೆ ತಳ್ಳುತ್ತದೆ. ತಿರುಗುವಾಗ ಇನ್ನೂ ಜಾಸ್ತಿ, ಅದೂ ಸುತ್ತಲೂ ದಿಕ್ಕು ಬದಲಿಸುತ್ತಾ. ಇದನ್ನೆಲ್ಲ ತಡೆಯುವುದು ಮೇಲಿನ ಒತ್ತಡದಿಂದ ಬರುವ ಘರ್ಷಣೆ ಮಾತ್ರ. ನಮ್ಮ ಊರಿನ ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಜುಲೈನಲ್ಲಿ ಬಿಗಿ ಮಾಡಿದ್ದು ಮಾರ್ಚ್‌ನಲ್ಲಿ ಸಡಿಲ ಆಗಿರುತ್ತದೆ, ಯಾರಿಗೂ ಗೊತ್ತಾಗಲ್ಲ. ಕಾಂಕ್ರೀಟ್ ತಾರಸಿ ಇರುವ ಕೋಣೆ ಇದ್ದರೆ ಅಲ್ಲಿ ಹಾಕಿ. ಇಲ್ಲದಿದ್ದರೆ ಅಗಲ ತಳಪಾಯದ, ತನ್ನಷ್ಟಕ್ಕೆ ನಿಲ್ಲುವ ಪೋಲ್ ಸಿಗುತ್ತದೆ.

ಕೆಳಗೆ ದಪ್ಪ ಮ್ಯಾಟ್ ಹಾಸಿ. ಒಂದೂವರೆ ಮೀಟರ್ ಎತ್ತರದಿಂದ ಬಿದ್ದು 2 ಸೆಂ.ಮೀ.ನಲ್ಲಿ ನಿಂತರೆ, ತಡೆಯುವ ಸರಾಸರಿ ಬಲ ನಿಮ್ಮ ತೂಕದ ಎಪ್ಪತ್ತೈದು ಪಟ್ಟು ದಾಟುತ್ತದೆ. ಮ್ಯಾಟ್ 8 ಸೆಂ.ಮೀ. ತಗ್ಗಿದರೆ ಇಪ್ಪತ್ತು ಪಟ್ಟಿನ ಆಸುಪಾಸು. ಎರಡೂ ನೋಯುತ್ತವೆ. ಮೊದಲನೆಯದರಲ್ಲಿ ಮೂಳೆಯೂ ಮುರಿಯುತ್ತದೆ.

ತೋಟದ ದಾರಿ · ಜುಲೈ 15

ಕಾಫಿ ಗೋದಾಮಿಗೆ ತಾರಸಿ ಇದೆ. ಅಲ್ಲೇ ಜಾಗ ಮಾಡುತ್ತೇನೆ.

ಕಕ್ಕಬ್ಬೆ ಜೇನು · ಸೆಪ್ಟೆಂಬರ್ 5

ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ. ಕೈಲ್ ಮುಹೂರ್ತ ಹಬ್ಬಕ್ಕೆ ಮನೆ ತುಂಬ ನೆಂಟರು, ಮೂರು ದಿನ ಪೋಲ್ ಮುಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಪೋಲ್ ಉಜ್ಜಿ ಬೆಚ್ಚಗೆ ಮಾಡಿ, ಭುಜ ಕೆಳಗೆ ಎಳೆದು, ಮಂಡಿ ಎದೆಗೆ ತಂದು, ತಲೆ ಹಿಂದೆ ಬಿಟ್ಟೆ. ಸೊಂಟ ಎದ್ದಿತು. ಬೀಸಲಿಲ್ಲ. ಮಂಡಿಯ ಹಿಂಬದಿಗೆ ಪೋಲ್ ಸಿಕ್ಕಿತು, ಕೈ ಬಿಟ್ಟೆ, ಹತ್ತು ಎಣಿಸಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮತ್ತೆ ನನಗಿಂತ ಜೋರಾಗಿ ಎಣಿಸಿದರು.

ಬಲಗಡೆಗೆ ಮಾತ್ರ. ಎಡಗಡೆ ಇನ್ನೂ ಅದೇ ಎದೆ ಮಟ್ಟಕ್ಕೆ ನಿಲ್ಲುತ್ತದೆ. ವಿಡಿಯೋ ನೋಡಿದೆ, ಎಡಗಡೆ ಮಾಡುವಾಗ ಸೊಂಟ ಪೋಲ್‌ನಿಂದ ಒಂದು ಗೇಣು ಆಚೆ ಇದೆ.

ಪಿಯು ಫಿಸಿಕ್ಸ್ · ಸೆಪ್ಟೆಂಬರ್ 5

ತುಂಬಾ ಖುಷಿಯಾಯಿತು ಮೇಡಂ. ನಿಮ್ಮ ಸಂಖ್ಯೆಗಳನ್ನೇ ಇಟ್ಟುಕೊಂಡು ನಾಳೆ ತರಗತಿಯಲ್ಲಿ ಟಾರ್ಕ್ ಪಾಠ ಮಾಡುತ್ತೇನೆ, ಹೆಸರು ಹೇಳಲ್ಲ. ಎಡಗಡೆಯ ಆ ಗೇಣನ್ನು ಟೇಪ್ ಹಿಡಿದು ಅಳೆಯಿರಿ. ವಾರಕ್ಕೊಮ್ಮೆ ಇಲ್ಲಿ ಬರೆಯಿರಿ.

ಕಕ್ಕಬ್ಬೆ ಜೇನು · ಸೆಪ್ಟೆಂಬರ್ 5

ಅಳೆದೆ ಸರ್. 22 ಸೆಂ.ಮೀ.